ಕರೆದರೆ ಎದ್ದು ಹೋಗಬಹುದಾದ ಚಿತ್ರ

‘ಮಗು ಮಲಗಿದ ಮೇಲೆ ಚಿತ್ರ ಬಿಡಿಸಿ’ ಎಂದು ಸಲಹೆ ಕೊಡುವವರು ಮಗು ಮಲಗಿಸಿ ಗೊತ್ತಿಲ್ಲದವರು. ಮಗು ಮಲಗುವ ಹೊತ್ತಿಗೆ ತಾಯಿಯ ಕಣ್ಣೂ ಎಳೆಯುತ್ತಿರುತ್ತದೆ. ನಿದ್ದೆ ಬಾರದಿದ್ದರೆ ಪಾತ್ರೆ, ಬಟ್ಟೆ, ನಾಳೆಯ ಹಿಟ್ಟು ಕಾದಿರುತ್ತವೆ. ಮಾರ್ಕೋನಹಳ್ಳಿ, ಯಡಿಯೂರು, ಕುಣಿಗಲ್, ಗುಬ್ಬಿ ಕಡೆಯ ಮನೆಗಳಲ್ಲಾದರೆ ಬೆಳಿಗ್ಗೆ ಡೈರಿಗೆ ಹಾಲು ಹಾಕುವುದರಿಂದ ಶುರುವಾದ ದಿನ ತೋಟ, ಕೊಟ್ಟಿಗೆ, ಸ್ಕೂಲ್ ಬಸ್ಸು, ರಾತ್ರಿಯ ಮುದ್ದೆ ಸಾರಿನವರೆಗೂ ಎಳೆದುಕೊಂಡು ಹೋಗುತ್ತದೆ. ನಡುವೆ ಎರಡು ಗಂಟೆ ಪುರುಸೊತ್ತು ಸಿಗುತ್ತದೆ ಎಂದು ಕಾದು ಕೂತವರ ಬಣ್ಣದ ಡಬ್ಬಿ ಒಣಗಿ ಕಲ್ಲಾಗುತ್ತದೆ.

ಈ ಲೇಖನ ಚಿತ್ರಕಲೆ ಕಲಿಸುವುದಿಲ್ಲ. ಬಿಡಿಸುವ ಆಸೆಯಿದ್ದು ಕೂರಲಾಗದ ತಾಯಂದಿರಿಗೆ ಒಂದು ದಾರಿ ತೋರಿಸುತ್ತದೆ. ವಿಷಯವನ್ನು ಮೊದಲೇ ನಿರ್ಧರಿಸದೆ, ಕೈ ಹೋದತ್ತ ಬಣ್ಣ ಹಚ್ಚುತ್ತ ಹೋಗುವ ಅಂತಃಪ್ರೇರಣೆಯ ಚಿತ್ರಕಲೆ ತುಂಡು ತುಂಡು ಸಮಯಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಚ್ಚುಕಟ್ಟಾದ ಭಾವಚಿತ್ರವನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಅದು ಕೆಡುತ್ತದೆ. ಗುರಿಯಿಲ್ಲದೆ ಶುರುವಾದ ಚಿತ್ರಕ್ಕೆ ಅರ್ಧ ಎಂಬುದೇ ಇರುವುದಿಲ್ಲ; ಮಗು ಕರೆದರೆ ಎದ್ದು ಹೋಗಬಹುದು, ಬಂದು ಮತ್ತೆ ಕೂರಬಹುದು. ಕಷ್ಟವಿರುವುದು ಸಾಮಾನು ಹೊಂದಿಸಿಕೊಳ್ಳುವುದರಲ್ಲಿ, ಏಳುವಾಗಿನ ಕಿರಿಕಿರಿಯಲ್ಲಿ, ಮನೆಮಂದಿಗೆ ಹೇಳುವುದರಲ್ಲಿ. ಆ ಮೂರಕ್ಕೂ ಉಪಾಯಗಳಿವೆ.

ಏನಿದು, ಯಾರು ಮಾಡಿದ್ದಾರೆ?

ಬಾಗಿಲ ಮುಂದೆ ದಿನಾ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಕೈಗೆ ಗೆರೆಯ ಅಭ್ಯಾಸ ಆಗಲೇ ಇದೆ. ಆದರೆ ರಂಗೋಲಿಯಲ್ಲಿ ಚುಕ್ಕಿಯ ಲೆಕ್ಕ ಮೊದಲು, ಗೆರೆ ಆಮೇಲೆ. ಇಲ್ಲಿ ಲೆಕ್ಕವಿಲ್ಲ. ಒಂದು ಬಣ್ಣ ಕೈಗೆ ಬರುತ್ತದೆ, ಹಾಳೆಯ ಮೇಲೆ ಒಂದು ಗುರುತು ಬೀಳುತ್ತದೆ, ಆ ಗುರುತು ಮುಂದಿನದನ್ನು ಕೇಳುತ್ತದೆ. ಅಳಿಸುವ ರಬ್ಬರ್ ಬೇಡ, ನೋಡಿ ಬರೆಯಲು ಮಾದರಿ ಬೇಡ.

ರವೀಂದ್ರನಾಥ ಟ್ಯಾಗೋರರು ಅರವತ್ತು ದಾಟಿದ ಮೇಲೆ ಹೀಗೇ ಚಿತ್ರಕ್ಕೆ ಬಂದರು. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಗೆರೆಯಿಂದ ಜೋಡಿಸುತ್ತ ಹೋದಾಗ ಹಕ್ಕಿ, ಮುಖ, ವಿಚಿತ್ರ ಪ್ರಾಣಿಗಳು ಮೂಡಿದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. 1924ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಆರ್ನೋ ಸ್ಟರ್ನ್, ಎರಡನೇ ಮಹಾಯುದ್ಧ ಮುಗಿದ ಮೇಲೆ ಅನಾಥ ಮಕ್ಕಳಿಗೆ ಬಣ್ಣ ಕೊಟ್ಟು ಕೂರಿಸುತ್ತ ತಮ್ಮದೇ ಒಂದು ಪದ್ಧತಿ ಕಟ್ಟಿದರು. ಅವರ ಕೋಣೆಯಲ್ಲಿ ಗೋಡೆಗೆ ಕಾಗದ, ನಡುವೆ 18 ಬಣ್ಣಗಳ ಮೇಜು. ಬಿಡಿಸಿದ್ದನ್ನು ಯಾರೂ ಹೊಗಳಬಾರದು, ತೆಗಳಬಾರದು, ಅರ್ಥ ಹೇಳಬಾರದು, ಪ್ರದರ್ಶನಕ್ಕೂ ಇಡಬಾರದು. ಈ ಕಟ್ಟುಪಾಡನ್ನು ನಾವು ಪೂರ್ತಿ ಪಾಲಿಸಬೇಕಿಲ್ಲ. ಆದರೆ ‘ಚೆನ್ನಾಗಿದೆಯಾ?’ ಎಂಬ ಪ್ರಶ್ನೆಯನ್ನು ಕೋಣೆಯ ಹೊರಗಿಟ್ಟರೆ ಕೈ ಎಷ್ಟು ಸಲೀಸಾಗುತ್ತದೆ ಎಂಬುದನ್ನು ಅವರಿಂದ ಕಲಿಯಬಹುದು.

ಇದೆಲ್ಲ ಗಂಡಸರ ಮಾತಾಯಿತು, ಅವರಿಗೇನು, ಎನ್ನುವವರಿಗೆ ಸುನಯನಿ ದೇವಿ ಇದ್ದಾರೆ. 1875ರಲ್ಲಿ ಕೋಲ್ಕತ್ತದ ಜೋರಾಸಾಂಕೋ ಟ್ಯಾಗೋರ್ ಮನೆತನದಲ್ಲಿ ಹುಟ್ಟಿದ ಈಕೆ ಅವನೀಂದ್ರನಾಥ, ಗಗನೇಂದ್ರನಾಥರ ತಂಗಿ. ಅಣ್ಣಂದಿರು ಹೆಸರಾಂತ ಕಲಾವಿದರಾದರು. ತಂಗಿಗೆ ಹನ್ನೆರಡಕ್ಕೇ ಮದುವೆ, ಸಂಸಾರ, ಮಕ್ಕಳು. ಯಾರ ಬಳಿಯೂ ಕ್ರಮವಾಗಿ ಕಲಿಯದೆ ಮೂವತ್ತರ ಹೊತ್ತಿಗೆ ಕುಂಚ ಹಿಡಿದರು. ಮನೆಯ ಮಂಚದ ಮೇಲೆ ಕೂತು, ಮನೆವಾರ್ತೆ ನೋಡಿಕೊಳ್ಳುತ್ತಲೇ ಬಿಡಿಸುತ್ತಿದ್ದರು. ಗೆರೆ ಎಳೆದು, ಜಲವರ್ಣ ತುಂಬಿ, ಹಾಳೆಯನ್ನೇ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಕನಸಿನಲ್ಲಿ ಕಂಡದ್ದನ್ನು ಬಿಡಿಸುತ್ತೇನೆ ಎಂದು ಹೇಳಿಕೊಂಡದ್ದೂ ಉಂಟು. 1922ರ ಕೊನೆಗೆ ಕೋಲ್ಕತ್ತದಲ್ಲಿ ಜರ್ಮನಿಯ ಬೌಹೌಸ್ ಶಾಲೆಯ ಕ್ಲೀ, ಕ್ಯಾಂಡಿನ್ಸ್ಕಿಯಂಥವರ ಕೃತಿಗಳು ಬಂದಾಗ, ಅದೇ ಪ್ರದರ್ಶನದಲ್ಲಿ ಈ ಗೃಹಿಣಿಯ ಚಿತ್ರಗಳೂ ಇದ್ದವು.

ನಮ್ಮ ರಾಜ್ಯದಲ್ಲೇ ನೋಡುವುದಾದರೆ, ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆ ಬಂತೆಂದರೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬೀಳಲೇಬೇಕು. ಅದು ಪರಂಪರೆಯಿಂದ ಬಂದ ವಿನ್ಯಾಸ, ಮನಸ್ಸಿಗೆ ತೋಚಿದ್ದಲ್ಲ ನಿಜ. ಆದರೂ ಅಲ್ಲೊಂದು ಗಮನಿಸಬೇಕಾದ ಸಂಗತಿಯಿದೆ: ಬುಟ್ಟಿಗೆ ಬಣ್ಣ ಹಚ್ಚುವ ಹೆಂಗಸನ್ನು ‘ಕೆಲಸ ಬಿಟ್ಟು ಕೂತಿದ್ದಾಳೆ’ ಎಂದು ಯಾರೂ ಆಡಿಕೊಳ್ಳುವುದಿಲ್ಲ. ಚಿತ್ತಾರ ಬರೆಯುವುದೂ ಆ ಮನೆಯ ಕೆಲಸಗಳಲ್ಲೊಂದು. ನಿಮ್ಮ ಚಿತ್ರಕ್ಕೂ ಮನೆಯ ದಿನಚರಿಯಲ್ಲಿ ಹಾಗೊಂದು ಜಾಗ ಮಾಡಿಕೊಡುವುದೇ ಮುಂದಿನ ಉಪಾಯಗಳ ಗುರಿ.

ಸಾಮಾನು ಕಣ್ಣೆದುರಿಗಿರಲಿ

ಮಾರ್ಕೋನಹಳ್ಳಿಯ ಡ್ಯಾಂ ನೋಡಿದವರಿಗೆ ಅದರ ವಿಶೇಷ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಈ ಜಲಾಶಯದಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್ ಇದೆ. ನೀರು ಒಂದು ಮಟ್ಟ ಮುಟ್ಟಿತೆಂದರೆ ಸೈಫನ್ ತಾನೇ ಎಳೆಯತೊಡಗುತ್ತದೆ. ಮಟ್ಟ ಇಳಿದು ಒಳಗೆ ಗಾಳಿ ಹೊಕ್ಕರೆ ತಾನೇ ನಿಲ್ಲುತ್ತದೆ. ಯಾರೂ ಓಡಿ ಬಂದು ಗೇಟು ಎತ್ತಬೇಕಿಲ್ಲ. ಚಿತ್ರದ ಮೂಲೆಯನ್ನೂ ಹಾಗೆ ಕಟ್ಟಿಕೊಳ್ಳಿ. ‘ಇವತ್ತು ಮನಸ್ಸು ಗಟ್ಟಿ ಮಾಡಿ ಕೂರಬೇಕು’ ಎಂಬ ಗೇಟು ಎತ್ತುವ ಕೆಲಸವೇ ಇರಬಾರದು.

ಅದಕ್ಕೆ ಬೇಕಾದುದು ಒಂದು ಟ್ರೇ. ಅಗಲವಾದ ಸ್ಟೀಲ್ ತಟ್ಟೆಯಾದರೂ ಆದೀತು, ಗಟ್ಟಿ ಅಡಿಕೆ ಹಾಳೆಯ ತಟ್ಟೆಯಾದರೂ ಸರಿ. ಅದರಲ್ಲಿ ಇಷ್ಟಿರಲಿ: ಮಕ್ಕಳು ಪರೀಕ್ಷೆಗೆ ಒಯ್ಯುವಂಥ ಒಂದು ಪ್ಯಾಡ್, ಅದಕ್ಕೆ ಕ್ಲಿಪ್ ಹಾಕಿಟ್ಟ ಹಾಳೆ, ಎರಡು ಬ್ರಷ್, ನೀರಿಗೆ ಮುಚ್ಚಳವಿರುವ ಡಬ್ಬಿ, ಹಳೆ ಬನಿಯನ್ನಿನ ಒಂದು ತುಂಡು, ಬಣ್ಣ ಕಲಸಲು ನಾಲ್ಕು ತೆಂಗಿನ ಚಿಪ್ಪು. ಕೊಬ್ಬರಿ ತೆಗೆದ ಚಿಪ್ಪನ್ನು ಒಳಗೆ ಮರಳು ಕಾಗದದಿಂದ ಉಜ್ಜಿದರೆ ಪೇಟೆಯ ಪ್ಲಾಸ್ಟಿಕ್ ಪ್ಯಾಲೆಟ್ ಬೇಕಾಗುವುದಿಲ್ಲ.

ಟ್ರೇ ಎಲ್ಲಿಡಬೇಕು? ಬೀರುವಿನೊಳಗೆ ಬೇಡ, ಅಲ್ಲಿಟ್ಟರೆ ಮರೆತುಹೋಗುತ್ತದೆ. ನೀವು ದಿನಕ್ಕೆ ಹತ್ತು ಸಲ ಓಡಾಡುವ ಜಾಗದಲ್ಲಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಇಡಿ. ಅಡುಗೆಮನೆ ಕಿಟಕಿಯ ಪಕ್ಕದ ಗೂಡು, ನಡುಮನೆಯ ಸಜ್ಜಾ, ಹೊಲಿಗೆ ಮೆಷಿನ್ನಿನ ಮೇಲ್ಭಾಗ, ಯಾವುದಾದರೂ ನಡೆಯುತ್ತದೆ. ಹಾಳೆಯ ಕ್ಲಿಪ್ ಯಾವತ್ತೂ ಖಾಲಿ ಇರಬಾರದು. ಒಂದು ಚಿತ್ರ ತೆಗೆದ ಕೂಡಲೇ ಇನ್ನೊಂದು ಹಾಳೆ ಸಿಕ್ಕಿಸಿಬಿಡಿ. ಕೂತ ಕ್ಷಣವೇ ಬ್ರಷ್ ಎತ್ತುವಂತಿದ್ದರೆ ಕುಕ್ಕರ್ ಮೂರು ಕೂಗುವಷ್ಟರಲ್ಲಿ ಹಾಳೆಯ ಕಾಲುಭಾಗ ತುಂಬುತ್ತದೆ.

ಯಾವ ಬಣ್ಣ, ಯಾವ ಹಾಳೆ

ಎಣ್ಣೆ ಬಣ್ಣ ಈಗ ಬೇಡ. ಒಣಗಲು ದಿನಗಟ್ಟಲೆ ಬೇಕು, ಟರ್ಪೆಂಟೈನ್ ವಾಸನೆ ಹಸುಗೂಸಿರುವ ಮನೆಗೆ ಒಳ್ಳೆಯದಲ್ಲ. ಅಕ್ರಿಲಿಕ್ ಬೇಗ ಒಣಗುತ್ತದೆ. ಅದೇ ಅದರ ತೊಂದರೆ ಕೂಡ. ಮಗು ಅತ್ತಿತೆಂದು ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬಂದರೆ ಬ್ರಷ್ ಕಡ್ಡಿಯಾಗಿರುತ್ತದೆ. ಪದೇ ಪದೇ ಏಳಬೇಕಾದ ತಾಯಂದಿರಿಗೆ ಪೋಸ್ಟರ್ ಕಲರ್ ಅಥವಾ ವಾಟರ್ ಕಲರ್ ಅನುಕೂಲ. ಒಣಗಿದರೂ ನೀರು ಹಾಕಿದರೆ ಮತ್ತೆ ಕರಗುತ್ತದೆ, ಬಟ್ಟೆಗೆ ತಾಗಿದರೆ ಬಹುಮಟ್ಟಿಗೆ ತೊಳೆದು ಹೋಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಕೆಂಪು, ಹಳದಿ, ನೀಲಿ, ಕಪ್ಪು, ಬಿಳಿ ಐದು ಶೀಷೆ ತೆಗೆದುಕೊಂಡರೆ ಸಾಕು. ಬಿಳಿಯದು ಮಾತ್ರ ದೊಡ್ಡದಿರಲಿ, ಅದೇ ಮೊದಲು ಮುಗಿಯುವುದು. ವಿಷಕಾರಿಯಲ್ಲ ಎಂದು ಲೇಬಲ್ಲಿನ ಮೇಲೆ ಬರೆದಿದೆಯೇ ನೋಡಿಕೊಳ್ಳಿ. ಬರೆದಿದ್ದರೂ ಮಗು ಬಾಯಿಗಿಡದಂತೆ ನೋಡಿಕೊಳ್ಳಬೇಕು.

ಹಾಳೆಗೆ ಹೆಚ್ಚು ದುಡ್ಡು ಹಾಕಬೇಡಿ. ದುಬಾರಿ ಹಾಳೆಯ ಮೇಲೆ ಕೈ ಹೆದರುತ್ತದೆ. 22×30 ಇಂಚಿನ ಪೂರ್ಣ ಡ್ರಾಯಿಂಗ್ ಶೀಟ್ ತಂದು ನಾಲ್ಕು ಮಾಡಿದರೆ 11×15 ಇಂಚು, ಎಂಟು ಮಾಡಿದರೆ ಏಳೂವರೆ×11 ಇಂಚು. ಕೊನೆಯ ಅಳತೆ ಪ್ಯಾಡಿಗೆ ಸರಿಯಾಗಿ ಕೂರುತ್ತದೆ. ಮದುವೆ ಕರೆಯೋಲೆಯ ಹಿಂಬದಿ, ಸೀರೆ ಡಬ್ಬದ ರಟ್ಟು, ಹಳೇ ಕ್ಯಾಲೆಂಡರಿನ ಬೆನ್ನು ಕೂಡ ಒಳ್ಳೆಯ ಹಾಳೆಗಳೇ. ಬ್ರಷ್‌ಗಳಲ್ಲಿ ಒಂದು 8ನೇ ನಂಬರಿನ ರೌಂಡ್, ಒಂದು ಇಂಚಿನ ಫ್ಲಾಟ್ ಇದ್ದರೆ ಆಯಿತು.

ತೋಟದ ಮಣ್ಣಿನಿಂದ ಬಣ್ಣ

ಮಣ್ಣಿನ ಬಣ್ಣ ಮಾಡಲು ನಮ್ಮ ಕಡೆಯವರಿಗೆ ಏನೂ ಕೊರತೆಯಿಲ್ಲ. ಹೊಲದ ಕೆಮ್ಮಣ್ಣು, ಕೆರೆಯಂಗಳದ ಬೂದುಗಪ್ಪು ಗೋಡು, ಬಾವಿ ತೋಡಿದಾಗ ಬರುವ ಹಳದಿ ಮಣ್ಣು, ಒಂದೊಂದೂ ಒಂದೊಂದು ಬಣ್ಣ. ಅಂಗಡಿಯ ಬಣ್ಣಕ್ಕಿಂತ ಇದು ಕೈಗೆ ಬೇರೆಯೇ ಅನುಭವ ಕೊಡುತ್ತದೆ. ಜೊತೆಗೆ, ಬಣ್ಣ ಮಾಡುವ ಕೆಲಸವನ್ನು ಯಾವ ಘಟ್ಟದಲ್ಲಿ ಬೇಕಾದರೂ ನಿಲ್ಲಿಸಿ ಏಳಬಹುದು.

ಒಂದು ಬಕೆಟ್ಟಿನಲ್ಲಿ ಎರಡು ಹಿಡಿ ಮಣ್ಣು ಹಾಕಿ ಮುಕ್ಕಾಲು ಭಾಗ ನೀರು ತುಂಬಿ ಕಡೆಯಿರಿ. ಒಂದು ನಿಮಿಷ ಬಿಡಿ. ಮರಳು, ಕಲ್ಲು ತಳ ಸೇರುತ್ತವೆ. ಮೇಲಿನ ಬಣ್ಣದ ನೀರನ್ನು ಮಾತ್ರ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಹಾಕಿ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ನೀರು ತಿಳಿಯಾಗಿ, ತಳದಲ್ಲಿ ಬೆಣ್ಣೆಯಂಥ ನುಣುಪು ಮಣ್ಣು ಕೂತಿರುತ್ತದೆ. ನೀರು ಬಗ್ಗಿಸಿ, ಆ ಮಣ್ಣನ್ನು ತಟ್ಟೆಗೆ ಹರವಿ ಬಿಸಿಲಿಗಿಡಿ. ಒಣಗಿದ ಚಕ್ಕೆಗಳನ್ನು ಕುಟ್ಟಿ ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಗ ಮಗು ಹತ್ತಿರ ಇರಬಾರದು.

ಅಂಟಿಗೆ ಜಾಲಿ ಗೋಂದು. ಒಂದು ಚಮಚ ಗೋಂದಿನ ಪುಡಿಗೆ ಎರಡು ಚಮಚ ಬಿಸಿ ನೀರು ಹಾಕಿ ರಾತ್ರಿ ನೆನೆಸಿಟ್ಟು ಸೋಸಿ. ಒಂದೆರಡು ಹನಿ ಜೇನುತುಪ್ಪ ಸೇರಿಸಿದರೆ ಬಣ್ಣ ಬಿರುಕು ಬಿಡುವುದು ಕಡಿಮೆ. ಒಂದು ಲವಂಗ ಹಾಕಿಟ್ಟರೆ ಬೂಸ್ಟು ತಡವಾಗಿ ಬರುತ್ತದೆ. ಚಿಪ್ಪಿನಲ್ಲಿ ಮಣ್ಣಿನ ಪುಡಿಗೆ ಈ ಅಂಟು ಸ್ವಲ್ಪ ಸ್ವಲ್ಪವೇ ಹಾಕಿ ಬೆರಳಿನಿಂದ ಚೆನ್ನಾಗಿ ನಾದಿ. ಹಾಳೆಗೆ ಹಚ್ಚಿ ಒಣಗಿಸಿ ಉಜ್ಜಿ ನೋಡಿ. ಬೆರಳಿಗೆ ಪುಡಿ ಮೆತ್ತಿದರೆ ಅಂಟು ಕಡಿಮೆಯಾಗಿದೆ. ಮಿರಮಿರ ಹೊಳೆದು ಚಕ್ಕೆ ಎದ್ದರೆ ಹೆಚ್ಚಾಗಿದೆ.

ಕಪ್ಪಿಗೆ ಗ್ರಂಧಿಗೆ ಅಂಗಡಿಯ ಅಳಲೆಕಾಯಿ ತನ್ನಿ. ಜಜ್ಜಿ ಕುದಿಸಿ, ಸೋಸಿ, ತುಕ್ಕು ಹಿಡಿದ ನಾಲ್ಕು ಮೊಳೆ ಹಾಕಿ ಒಂದೆರಡು ದಿನ ಬಿಟ್ಟರೆ ಮಸಿ ಸಿದ್ಧ. ಅಳಲೆಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಇದು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ಎಚ್ಚರ. ಅರಿಶಿನದ ಹಳದಿ ಮೊದಲ ದಿನ ಝಗ್ಗೆನ್ನುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಸುಣ್ಣವನ್ನು ಬಿಳಿಯಾಗಿ ಬಳಸಬೇಡಿ. ಮಗುವಿನ ಕಣ್ಣಿಗೆ ಬಿದ್ದರೆ ಅಪಾಯ.

ಮಗುವಿನ ವಯಸ್ಸಿಗೆ ತಕ್ಕ ಹೊಂದಿಕೆ

*ಬಾಣಂತನದ ತಿಂಗಳುಗಳು:* ಈಗ ನಿದ್ದೆಯೇ ಮೊದಲು. ಬಣ್ಣದ ಗೊಡವೆ ಬೇಡ. ದಿಂಬಿನ ಪಕ್ಕ ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ ಇರಲಿ. ಎದ್ದು ಕೂತಾಗ ಒಂದೇ ಗೆರೆಯನ್ನು ಪೆನ್ ಎತ್ತದೆ ಪುಟದ ತುಂಬ ಓಡಾಡಿಸಿ. ಸಿಸೇರಿಯನ್ ಆದವರು ನೆಲದ ಮೇಲೆ ಬಗ್ಗಿ ಕೂತು ಬಿಡಿಸಬಾರದು.

*ತೆವಳುವ, ಓಡುವ ವಯಸ್ಸು:* ಎಲ್ಲಕ್ಕಿಂತ ಕಷ್ಟದ ಕಾಲ ಇದೇ. ಕೂತರೆ ಮಗು ತೊಡೆಗೇರುತ್ತದೆ. ಅದಕ್ಕೇ ನಿಂತು ಬಿಡಿಸಿ. ಅಡುಗೆಕಟ್ಟೆಯ ಒಂದು ತುದಿ ಒಳ್ಳೆಯ ಮೇಜು, ಒಲೆಯಿಂದ ದೂರವಿರಲಿ. ಸಾರಿಗೆ ಒಗ್ಗರಣೆ ಹಾಕುವ ಮುಂಚೆ ಬೇಳೆ ಬೇಯುತ್ತದಲ್ಲ, ಆ ಹೊತ್ತು ನಿಮ್ಮದು.

*ಅಂಗನವಾಡಿಗೆ ಹೋಗುವಾಗ:* ಮೂರು ವರ್ಷಕ್ಕೆ ಅಂಗನವಾಡಿ ಶುರುವಾದರೆ ಮೊದಲ ಬಾರಿಗೆ ಮನೆ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವನ್ನು ಬಾಕಿ ಕೆಲಸಗಳೇ ನುಂಗಿಬಿಡುತ್ತವೆ. ಮಗುವನ್ನು ಬಿಟ್ಟು ಬಂದವರು ಪೊರಕೆ ಹಿಡಿಯುವ ಮೊದಲು ಬ್ರಷ್ ಹಿಡಿಯಿರಿ. ಇಪ್ಪತ್ತು ನಿಮಿಷ ಕಸ ಕಾಯುತ್ತದೆ.

*ಶಾಲೆಯ ವರ್ಷಗಳು:* ಮಕ್ಕಳು ಹೋಂವರ್ಕ್ ಮಾಡುವಾಗ ನೀವೂ ಅದೇ ಚಾಪೆಯ ಮೇಲೆ ಟ್ರೇ ಇಟ್ಟುಕೊಂಡು ಕೂರಿ. ಏಪ್ರಿಲ್, ಮೇ ರಜೆಯಲ್ಲಿ, ರಾಗಿ ಕೊಯ್ಲಿನ, ಅಡಿಕೆ ಸುಲಿಯುವ ದಿನಗಳಲ್ಲಿ ಏನೂ ಆಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡಿ. ಸುಗ್ಗಿಯಲ್ಲಿ ಚಿತ್ರ ನಿಂತರೆ ಅದು ಸೋಲಲ್ಲ. ಸುಗ್ಗಿ ಮುಗಿದ ಮೇಲೆ ಯಾವ ವಾರ ಶುರು ಮಾಡುತ್ತೀರಿ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಶುರು ಮಾಡುವುದು, ಏಳುವುದು, ಮತ್ತೆ ಕೂರುವುದು

ಬಿಳಿ ಹಾಳೆ ನೋಡಿ ಕೈ ಕಟ್ಟಿಹೋದರೆ ಅದನ್ನು ಬಿಳಿಯಾಗಿ ಬಿಡಬೇಡಿ. ಉಳಿದ ಟೀ ಸೊಪ್ಪಿನ ನೀರನ್ನು ಬಳಿದುಬಿಡಿ, ಅಥವಾ ಕಣ್ಣು ಮುಚ್ಚಿ ನಾಲ್ಕು ಗೆರೆ ಎಳೆಯಿರಿ. ಯಾವ ಬಣ್ಣ ತೆಗೆದುಕೊಳ್ಳಲಿ ಎಂದು ಯೋಚಿಸುವುದು ಬೇಡ. ಮೊದಲು ಕೈ ಯಾವ ಚಿಪ್ಪಿನತ್ತ ಹೋಯಿತೋ ಅದೇ. ಹೂವೋ ಮುಖವೋ ಆಗುತ್ತಿದೆ ಎನಿಸಿದರೆ ಆಗಲಿ, ಆದರೆ ಅದನ್ನು ಚಂದ ಮಾಡಲು ಹೊರಟಿರೋ, ಅಲ್ಲಿಗೆ ಕೈ ಬಿಗಿಯುತ್ತದೆ. ಆಗ ಹಾಳೆಯ ಇನ್ನೊಂದು ಮೂಲೆಗೆ ಹೋಗಿ. ಬೇಸರ ಬಂದರೆ ಅದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ: ಏನೋ ಒಂದನ್ನು ಬಿಡಿಸಬೇಕೆನಿಸಿದೆ, ‘ಛೆ, ಅದು ಬೇಡ’ ಎಂದು ತಳ್ಳಿದ್ದೀರಿ. ಆ ಬೇಡವಾದದ್ದನ್ನೇ ಬಿಡಿಸಿ. ಫೋನಿನಲ್ಲಿ ಬೇರೆಯವರ ಚಿತ್ರ ನೋಡುವುದಿದ್ದರೆ ಬಿಡಿಸಿದ ಮೇಲೆ ನೋಡಿ, ಮೊದಲು ಬೇಡ.

ಏಳಬೇಕಾದಾಗ ಮೂರು ಕೆಲಸ ಅಭ್ಯಾಸವಾಗಲಿ. ಬ್ರಷ್ಷನ್ನು ನೀರಿನಲ್ಲಿ ನಿಲ್ಲಿಸಬೇಡಿ, ತುದಿ ಬಾಗುತ್ತದೆ. ಒಮ್ಮೆ ಅಲ್ಲಾಡಿಸಿ ತೊಳೆದು ಅಡ್ಡ ಮಲಗಿಸಿ. ಟ್ರೇಯನ್ನು ಎತ್ತಿ ಮೇಲಿಡಿ. ‘ಇನ್ನೊಂಚೂರು, ಬಂದೆ’ ಎನ್ನದೆ ಏಳಿ. ಆ ಒಂಚೂರಿನಲ್ಲಿ ಮಗುವೂ ರೇಗುತ್ತದೆ, ಚಿತ್ರವೂ ಅವಸರದಲ್ಲಿ ಕೆಡುತ್ತದೆ. ಮತ್ತೆ ಬಂದಾಗ, ಎಲ್ಲಿ ಬಿಟ್ಟಿದ್ದೆ ಎಂದು ನೆನಪಿಸಿಕೊಳ್ಳುವುದು ಬೇಡ. ಹಾಳೆಯನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿ. ಕಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದುವರಿಸಿ.

ಮಗು ಪಕ್ಕದಲ್ಲೇ ಇದ್ದರೆ

ಮಗುವಿಗೂ ಒಂದು ಹಾಳೆ ಕೊಡಿ, ನಿಮ್ಮದನ್ನು ಮಾತ್ರ ಕೊಡಬೇಡಿ. ‘ಇದು ನಿಂದು, ಇದು ಅಮ್ಮಂದು’ ಎಂಬುದು ಎರಡು ವಾರದಲ್ಲಿ ಅಭ್ಯಾಸವಾಗುತ್ತದೆ. ಅಮೆರಿಕದ ರೋಡಾ ಕೆಲಾಗ್ ಎಂಬಾಕೆ ಮಕ್ಕಳ ಲಕ್ಷಾಂತರ ಚಿತ್ರಗಳನ್ನು ಸಂಗ್ರಹಿಸಿ, ಪುಟ್ಟ ಮಕ್ಕಳ ಗೀಚುಗಳಲ್ಲಿ 20 ಮೂಲ ಬಗೆಗಳನ್ನು ಗುರುತಿಸಿದರು: ಚುಕ್ಕಿ, ಅಡ್ಡಗೆರೆ, ಸುರುಳಿ, ಹೀಗೆ. ಎರಡು ವರ್ಷದ ಮಗು ಗೀಚುವಾಗ ಪಕ್ಕದಲ್ಲಿ ಕೂತು ಅದೇ ಗೀಚನ್ನು ನಿಮ್ಮ ಹಾಳೆಯಲ್ಲಿ ದೊಡ್ಡದಾಗಿ ಮಾಡಿ ನೋಡಿ. ಅಂತಃಪ್ರೇರಣೆಯ ಚಿತ್ರದ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲೂ ಸಿಗದು.

ಮಗುವಿನ ಚಿತ್ರ ತಿದ್ದಬೇಡಿ. ‘ಮನೆ ಬರಿ, ಸೂರ್ಯ ಬರಿ’ ಎಂದು ಹೇಳಿಕೊಡಬೇಡಿ. ‘ಇದೇನು?’ ಎಂದು ಕೇಳುವ ಬದಲು ‘ಇಲ್ಲಿ ಕೆಂಪು ಜಾಸ್ತಿ ಹಾಕಿದ್ದೀಯಲ್ಲ’ ಎಂದರೆ ಸಾಕು. ನಿಮ್ಮ ಚಿತ್ರಕ್ಕೂ ಇದೇ ನಿಯಮ.

ಮನೆಮಂದಿಗೆ ಹೇಳುವ ಬಗೆ

‘ಏನವ್ವ ಇದು, ಯಾವ ದೇವ್ರು?’

‘ದೇವ್ರಲ್ಲ ಅತ್ತೆ. ಸುಮ್ನೆ.’

‘ಸುಮ್ನೆ ಯಾರಾದ್ರೂ ಬಣ್ಣ ಹಾಳ್ ಮಾಡ್ತಾರಾ?’

ಇಂಥ ಮಾತು ಬಂದೇ ಬರುತ್ತದೆ. ಕಲೆಯ ಮಹತ್ವ ವಿವರಿಸಲು ಹೋಗಬೇಡಿ. ಚಿಪ್ಪಿನಲ್ಲಿ ಕೆಮ್ಮಣ್ಣು ನಾದುವ ಕೆಲಸವನ್ನು ಅತ್ತೆಯ ಕೈಗೇ ಕೊಟ್ಟು ನೋಡಿ. ಯಾವ ಹೊಲದ ಮಣ್ಣು ಗೋಡೆಗೆ ಚೆನ್ನಾಗಿ ಹಿಡಿಯುತ್ತಿತ್ತು, ಸಾರಿಸುವಾಗ ಸಗಣಿಗೆ ಏನು ಬೆರೆಸುತ್ತಿದ್ದರು ಎಂಬುದೆಲ್ಲ ನಿಮಗಿಂತ ಅವರಿಗೇ ಹೆಚ್ಚು ಗೊತ್ತಿರುತ್ತದೆ.

ಯಜಮಾನರ ಜೊತೆ ಮಾತ್ರ ಲೆಕ್ಕ ಸ್ಪಷ್ಟವಿರಲಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಮಕ್ಕಳು, ಹಿರಿಯರ ಆರೈಕೆಯಲ್ಲಿ ಹೆಂಗಸರದು 134, ಗಂಡಸರದು 76. ಹೀಗಿರುವಾಗ ‘ಸ್ವಲ್ಪ ಸಹಾಯ ಮಾಡ್ರಿ’ ಎಂದು ಕೇಳಿದರೆ ನಿಲ್ಲುವುದಿಲ್ಲ. ಒಂದು ಕೆಲಸವನ್ನು ಪೂರ್ತಿ ಒಪ್ಪಿಸಿ: ‘ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಪಾಪುಗೆ ಸ್ನಾನ ಮಾಡಿಸಿ ಮಲಗಿಸೋದು ನಿಮ್ದು.’ ನೀರು ಕಾದಿದೆಯಾ, ಟವೆಲ್ ಎಲ್ಲಿದೆ ಎಂಬ ಪ್ರಶ್ನೆಗಳೂ ಅವರವೇ. ಅಷ್ಟು ಹೊತ್ತು ನೀವು ಟ್ರೇ ಹಿಡಿದು ಹಿತ್ತಿಲಿಗೋ ಮಹಡಿಗೋ ಹೋಗಿಬಿಡಿ. ಒಳಗಿದ್ದರೆ ಕರೆಯದೆ ಬಿಡುವುದಿಲ್ಲ.

ಮನಸ್ಸು ಮಂಕಾದಾಗ

ಬಣ್ಣ ಹಚ್ಚುವುದರಿಂದ ಮನಸ್ಸು ಹಗುರವಾಗುವುದುಂಟು. ಆದರೆ ಅದು ಔಷಧಿಯಲ್ಲ. ಹೆರಿಗೆಯಾದ ಮೇಲೆ ಎರಡು ವಾರ ಕಳೆದರೂ ಅಳು, ನಿದ್ದೆಗೇಡು, ಮಗುವಿನ ಮೇಲೆ ಮನಸ್ಸೇ ಬಾರದಿರುವುದು ಹೋಗದಿದ್ದರೆ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬ್ರಷ್ ಆಮೇಲೆ ಹಿಡಿದರಾಯಿತು.

ಬಿಡಿಸಿದ ಚಿತ್ರಗಳನ್ನು ಏನು ಮಾಡುವುದು?

ಹಿಂಬದಿಯಲ್ಲಿ ತಾರೀಖು ಬರೆಯಿರಿ, ಹೆಸರಿಡುವುದು ಬೇಡ. ಚೆನ್ನಾಗಿ ಒಣಗಿದ ಮೇಲೆ ನಡುವೆ ನ್ಯೂಸ್‌ಪೇಪರ್ ಹಾಕಿ ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಡಬಹುದು. ಮಳೆಗಾಲದಲ್ಲಿ ಗೋಂದಿನ ಬಣ್ಣಕ್ಕೆ ಬೂಸ್ಟು ಹಿಡಿಯುವುದರಿಂದ ಬಿಸಿಲು ಬಂದ ದಿನ ತೆಗೆದು ನೆರಳಿನಲ್ಲಿ ಗಾಳಿಗೆ ಹರವಿ. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಸಾಲಾಗಿ ಜೋಡಿಸಿ ನೋಡಿ; ಮತ್ತೆ ಮತ್ತೆ ಬರುವ ಒಂದು ಆಕಾರವೋ ಬಣ್ಣವೋ ಕಂಡೀತು. ಬೇಡದ್ದನ್ನು ಹರಿದು ಒಲೆಗೆ ಹಾಕಲು ಹಿಂಜರಿಯಬೇಡಿ.

ಬೇರೆಯವರ ಚಿತ್ರ ನೋಡುವುದೂ ಅಭ್ಯಾಸದ ಭಾಗವೇ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಕುಣಿಗಲ್ಲಿನಿಂದ ಬೆಳಿಗ್ಗೆ ಹೊರಟರೆ ಬೆಂಗಳೂರಿನ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡನ್ನೂ ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಸಂಗ್ರಹಾಲಯಕ್ಕೆ ಸೋಮವಾರ ರಜೆ. ಮಾರುವ ಆಸೆ ಮುಂದೆ ಹುಟ್ಟಿದರೆ, ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆ ಇದೆ. ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಆದರೆ ಮೊದಲ ವರ್ಷ ಆ ಯೋಚನೆ ಬೇಡ. ಕೊಳ್ಳುವವರ ಕಣ್ಣು ತಲೆಯಲ್ಲಿ ಕೂತರೆ ಕೈ ಮನಸ್ಸಿನ ಮಾತು ಕೇಳುವುದಿಲ್ಲ.

ಈ ವಾರಕ್ಕೆ ಇಷ್ಟು ಸಾಕು

1. ಟ್ರೇ ಒಂದನ್ನು ಹೊಂದಿಸಿ, ಹಾಳೆ ಕ್ಲಿಪ್ ಮಾಡಿ, ಓಡಾಡುವ ಜಾಗದಲ್ಲಿ ಎತ್ತರಕ್ಕೆ ಇಡಿ.
2. ದಿನದ ಯಾವ ಕೆಲಸದ ಪಕ್ಕದಲ್ಲಿ ಹತ್ತು ನಿಮಿಷ ಉಳಿಯುತ್ತದೆ ಎಂದು ಎರಡು ದಿನ ಗಮನಿಸಿ, ಆ ಹೊತ್ತನ್ನು ಗೊತ್ತು ಮಾಡಿಕೊಳ್ಳಿ.
3. ಒಂದು ಚಿತ್ರವನ್ನು ಬೇಕೆಂದೇ ನಡುವೆ ಬಿಟ್ಟು ಏಳಿ, ಮಾರನೆಯ ದಿನ ತಲೆಕೆಳಗು ಮಾಡಿ ಮುಂದುವರಿಸಿ.
4. ಭಾನುವಾರದ ಒಂದು ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಪೂರ್ತಿ ಒಪ್ಪಿಸಿ.
5. ಚಿತ್ರ ಹೇಗಿದೆ ಎಂದು ಯಾರನ್ನೂ ಕೇಳಬೇಡಿ. ಕೇಳಲೇಬೇಕು ಎನಿಸಿದರೆ, ಇನ್ನೊಂದು ಹಾಳೆ ತೆಗೆದುಕೊಳ್ಳಿ.